ಸವೆದ ನೆಲದ ಫೋಟೋ

ಗಂಡ ಸತ್ತರೆ ಹೆಂಡತಿಯನ್ನು ಮಾತಾಡಿಸಲು ಊರೇ ಬರುತ್ತದೆ. ಫೋಟೋಗ್ರಾಫರ್ ಸತ್ತರೆ, ಅವನ ಪಕ್ಕದಲ್ಲಿ ಇಪ್ಪತ್ತಾರು ವರ್ಷ ಲೈಟು ಹಿಡಿದು ನಿಂತವನನ್ನು ಯಾರು ಕೇಳುತ್ತಾರೆ? ಕಂಪ್ಲಿಯ ಎರ್ರಿಯಪ್ಪ ತೀರಿಕೊಂಡು ಎರಡು ತಿಂಗಳಾಗಿತ್ತು. ತಾಯಪ್ಪನನ್ನು ಕೇಳಿದವನು ಚಾದಂಗಡಿಯವನೊಬ್ಬನೇ. ಅವನೂ ಕೇಳಿದ್ದು, "ಇನ್ಮ್ಯಾಲೆ ಒಂದ ಚಾ ಏನಪಾ?" ಅಂತ.

ಎರ್ರಿಯಪ್ಪನ ಮಗಳು ದುರ್ಗಾ ಒಳ್ಳೆಯವಳು. "ಅಪ್ಪನ ಕ್ಯಾಮೆರಾ, ಆ ಹಳೇ ಲೆನ್ಸು ಎಲ್ಲಾ ನೀವ ಇಟ್ಕೋರಿ ಕಾಕಾ. ಸ್ಟುಡಿಯೋ ಬೀಗದ ಕೈ ಮಾತ್ರ ಸೋಮವಾರ ಮಾಲಕರಿಗೆ ಕೊಟ್ಬಿಡ್ರಿ. ಅವರು ಟೈಲ್ಸ್ ಹಾಕಸ್ತಾರಂತ" ಎಂದಳು.

ಟೈಲ್ಸ್ ಎಂದದ್ದೇ ತಾಯಪ್ಪನ ಕಣ್ಣ ಮುಂದೆ ನೆಲ ಬಂತು. ಆ ಸ್ಟುಡಿಯೋದ ಕೆಂಪು ಗಾರೆಯ ನೆಲ ಎರಡು ಕಡೆ ಸವೆದು ಬೆಳ್ಳಗಾಗಿತ್ತು. ಒಂದು, ಕ್ಯಾಮೆರಾ ಹಿಂದೆ ಎರ್ರಿಯಪ್ಪ ನಿಲ್ಲುತ್ತಿದ್ದ ಜಾಗ. ಇನ್ನೊಂದು ಅದರಿಂದ ಐದು ಅಡಿ ಎಡಕ್ಕೆ, ಛತ್ರಿ ಲೈಟು ಹಿಡಿದು ತಾಯಪ್ಪ ನಿಲ್ಲುತ್ತಿದ್ದ ಜಾಗ. ಅವನು ಚೂರು ವಾಲಿದರೂ ಸಾಕು, "ಆಚಿ ಸರೀಲೇ ತಾಯಪ್ಪ, ಫ್ರೇಮಿನಾಗ ಬರ್ತಿ" ಎಂದು ಎರ್ರಿಯಪ್ಪ ಗದರುತ್ತಿದ್ದ. ಊರಿನ ಮದುಮಕ್ಕಳ ಫೋಟೋವನ್ನೆಲ್ಲ ತೆಗೆದ ಪುಣ್ಯಾತ್ಮರು, ತಾವಿಬ್ಬರೂ ಒಟ್ಟಿಗೆ ಒಂದು ಫೋಟೋ ತೆಗೆಸಿಕೊಂಡಿರಲಿಲ್ಲ. ಆ ಎರಡು ಗುರುತುಗಳಾದರೂ ಒಂದೇ ಚಿತ್ರದಲ್ಲಿ ಬರಲಿ ಎಂದು ತಾಯಪ್ಪನಿಗೆ ಹಟ ಹಿಡಿಯಿತು.

ಬಂದರೆ ತಾನೇ! ಎರ್ರಿಯಪ್ಪನ ಮೂರೂ ಲೆನ್ಸು ಮುಖ ತೆಗೆಯುವಂಥವು. ಎದುರು ಗೋಡೆಗೆ ಬೆನ್ನು ಅಂಟಿಸಿ ನಿಂತರೂ ಒಂದು ಗುರುತು ಸಿಕ್ಕರೆ ಇನ್ನೊಂದು ಹೊರಗೆ. ಅಗಲ ನೋಡುವ ಲೆನ್ಸೇ ಬೇಕಿತ್ತು. ಶನಿವಾರ ಬಸ್ಸು ಹತ್ತಿ ಹೊಸಪೇಟೆಗೆ ಬಂದ.

ಕ್ಯಾಮೆರಾ ರಿಪೇರಿ ಅಂಗಡಿಯ ಲಲಿತಾ ಅವನಿಗೆ ಚಾ ತರಿಸಿ, ಎರಡು ಲೆನ್ಸು ಮುಂದಿಟ್ಟಳು. "ಇದು ಹೊಸಾದು, ಮೂಲಿ ತನಕ ಕ್ಲಿಯರ್ ಬರ್ತೈತಿ. ಇದು ಹಳೇದು. ನಡುವ ಮಸ್ತ್, ಅಂಚು ಮಸುಕು. ಹೊಸಾದ ಒಯ್ರಿ ಕಾಕಾ."

ತಾಯಪ್ಪ ಚೀಲದಿಂದ ಎರ್ರಿಯಪ್ಪನ ಕ್ಯಾಮೆರಾ ಹೊರಗಿಟ್ಟ. ಚಾದ ಗ್ಲಾಸಿನ ಫೋಟೋ ಮೊದಲು ಎರ್ರಿಯಪ್ಪನ ಲೆನ್ಸಿನಲ್ಲಿ ತೆಗೆದ. ಆಮೇಲೆ ಹೊಸತರಲ್ಲಿ. ಥೂ, ಚಾ ಅನ್ನುವುದು ತೊಳೆದ ನೀರಿನ ಹಾಗೆ ತಣ್ಣಗೆ ಕಂಡಿತು. ಅಂಗಡಿಯ ಹಳೆಯದರಲ್ಲಿ ತೆಗೆದಾಗ ಎರ್ರಿಯಪ್ಪನ ಲೆನ್ಸಿನ ಅದೇ ಕೆಂಚುಬಣ್ಣ ಬಂತು. ಕಂಪ್ಲಿಯ ಮನೆಮನೆಯ ಗೋಡೆ ಮೇಲಿರುವ ಎರ್ರಿಯಪ್ಪನ ಬಣ್ಣ.

"ಇದ ಕೊಡವ್ವ. ಇದು ನಮ್ಮ ಹಳೇ ಲೆನ್ಸುಗಳ ಮನಿದ ಕೂಸು."

"ಅಂಚು ಮಸುಕು ಅಂತ ಹೇಳೀನಿ ನೋಡ್ರಿ, ಆಮ್ಯಾಲೆ ಬೈಬ್ಯಾಡ್ರಿ."

"ಆಗ್ಲಿ ಬಿಡು. ಅಂಚಿನಾಗ ಇರಾವ ನಾನ."

ಭಾನುವಾರ ಬೆಳಿಗ್ಗೆ ಸ್ಟುಡಿಯೋ ಬಾಗಿಲು ತೆಗೆದ. ಬಣ್ಣದ ಪರದೆಯ ಮುಂದೆ, ಗಿರಾಕಿಗಳು ಕೂರುವ ಜಾಗದಲ್ಲಿ ಸ್ಟ್ಯಾಂಡು ಇಟ್ಟು ಕಣ್ಣು ಹಚ್ಚಿ ನೋಡಿದ. ಎರಡೂ ಗುರುತು ಬಂದಿದ್ದವು. ಐದೇ ಅಡಿ ಇದ್ದ ಅಂತರ ಈ ಲೆನ್ಸಿನಲ್ಲಿ ಒಂದು ಹೊಲದಷ್ಟು ಕಂಡಿತು. ತಾಯಪ್ಪನಿಗೆ ಎರ್ರಿಯಪ್ಪ ಬೇಕೆನಿಸಿತು. ಇಷ್ಟು ದಿನ ಬೇಕೆನಿಸಿದ್ದಕ್ಕಿಂತ ಹೆಚ್ಚು ಬೇಕೆನಿಸಿತು.

ತಾನಾದರೂ ತನ್ನ ಜಾಗದಲ್ಲಿ ಒಮ್ಮೆ ನಿಲ್ಲೋಣ ಎಂದುಕೊಂಡ. ಇನ್ನು ತಡೆಯುವವರು ಯಾರು? ಹತ್ತು ಸೆಕೆಂಡಿನ ಟೈಮರ್ ಇಟ್ಟು, ಛತ್ರಿ ಎತ್ತಿಕೊಂಡು, ತನ್ನ ಸವೆದ ನೆಲದ ಮೇಲೆ ಹೋಗಿ ನಿಂತ. ಕ್ಯಾಮೆರಾದ ಕೆಂಪು ದೀಪ ಮಿಣಮಿಣ ಎಂದಿತು. ಪಕ್ಕದಲ್ಲಿ ಯಾರೂ ಗದರಲಿಲ್ಲ. ತೆಗೆಯುವ ಹೊತ್ತು ಬಂದು ದೀಪ ಬೇಗಬೇಗ ಮಿಣುಕತೊಡಗಿದಾಗ ಅವನ ಕಾಲು ತಾನಾಗಿ ಆಚೆ ಸರಿಯಿತು.

"ಸರದೀನಣ್ಣ, ತಗಿ" ಎಂದ.

ಕ್ಯಾಮೆರಾ ತೆಗೆಯಿತು. ಹೋಗಿ ನೋಡಿದ. ಎರಡು ಗುರುತು, ಎರಡೂ ಖಾಲಿ. ಬಲ ಅಂಚಿನಲ್ಲಿ, ಮಸುಕಾಗಿ, ಛತ್ರಿಯ ಕೋಲು ಹಿಡಿದ ನಾಲ್ಕು ಬೆರಳು.

ಇನ್ನೊಂದು ತೆಗೆಯಬಹುದಿತ್ತು. ತಾಯಪ್ಪ ಛತ್ರಿ ಮಡಚಿಟ್ಟು ಬೀಗ ಹಾಕಿದ.