ರುಮಾಲಿನ ಕೆಳಗೆ ಆರಿಸಿದ ಮ್ಯಾನೇಜರ

ಸಂಕ್ರಮಣ ಕಳೆದು ಬಂದ ಆ ಭಾನುವಾರದ ಮುಂಜಾನೆ ಸಾಂಗಲಿಯ ಮೇಲೆ ಎಂಥ ಮಂಜು ಬಿದ್ದಿತ್ತೆಂದರೆ, ಅರಿಷಿಣ ಪೇಟೆಯ ಓಣಿಯಲ್ಲಿ ಎದುರಿಗೆ ಬರುವವನ ಮುಖಕ್ಕಿಂತ ಮೊದಲು ಅವನ ಕೆಮ್ಮು ಬರುತ್ತಿತ್ತು. ಕೃಷ್ಣೆಯ ಕಡೆಯಿಂದ ಎದ್ದ ಬಿಳುಪು ಅಂಗಡಿಗಳ ತಗಡಿನ ಮೇಲೆ ಕೂತು, ಹನಿಯಾಗಿ, ಕಟ್ಟೆಯ ಮೇಲೆ ಒಂದೊಂದಾಗಿ ಇಳಿಯುತ್ತಿತ್ತು. ಗುರುಬಸಪ್ಪ ಅರಿಷಿಣದ ದಲಾಲಿ ನಡೆಸುವ ತನ್ನ ಅಡತಿ ಅಂಗಡಿಯ ಬಾಗಿಲು ಅರ್ಧ ತೆರೆದು, ದೇವರಿಗೆ ಊದಿನಕಡ್ಡಿ ಹಚ್ಚಿ, ಗಾದಿಯ ಮೇಲೆ ಕೂತು ಕಾಯುತ್ತಿದ್ದ. ರಜೆಯ ದಿನವಾದ್ದರಿಂದ ವ್ಯಾಪಾರವಿರಲಿಲ್ಲ. ಬರಬೇಕಾದವರು ಫುಟ್ಬಾಲ್ ಕ್ಲಬ್ಬಿನ ಪಂಚರು.

ಮಿರಜದ ಸಂಗಮ ಫುಟ್ಬಾಲ್ ಕ್ಲಬ್ಬು ಗುರುಬಸಪ್ಪನ ತಂದೆಯ ಕಾಲದ್ದು, ಈಗ ಅವನೇ ಅದರ ಅಧ್ಯಕ್ಷ. ಒಂದು ಕಾಲಕ್ಕೆ ಕೊಲ್ಲಾಪುರದ ತಂಡಗಳು ಸಹ ಅದರ ಹೆಸರಿಗೆ ಅಂಜುತ್ತಿದ್ದವು. ಈಗ ಜಿಲ್ಲೆಯ ಲೀಗಿನಲ್ಲಿ ಅದರ ಹೆಸರು ಎಲ್ಲಿದೆ ಎಂದು ಹುಡುಕುವವರು ಪಟ್ಟಿಯನ್ನು ಕೆಳಗಿನಿಂದ ಓದುತ್ತಿದ್ದರು. ಹುಡುಗರಿಗೆ ಆಟ ಕಲಿಸಿ, ಯಾರನ್ನು ಆಡಿಸಬೇಕು ಯಾರನ್ನು ಕೂರಿಸಬೇಕು ಎಂದು ನಿರ್ಧರಿಸುವ ಮ್ಯಾನೇಜರ ದೀಪಾವಳಿ ಮುಗಿಯುತ್ತಲೇ ಪುಣೆಗೆ ಹೋಗಿಬಿಟ್ಟಿದ್ದ. ಆಮೇಲೆ ಹುಡುಕಾಟ ಶುರುವಾಯಿತು. ಕೊಲ್ಲಾಪುರದವನೊಬ್ಬ ಬಂದು, ಚಹಾ ಕುಡಿದು, ಮೈದಾನ ನೋಡಿ, ಹೆಂಡತಿಯನ್ನು ಕೇಳಿ ಹೇಳುತ್ತೇನೆಂದು ಹೋದವನು ಇನ್ನೂ ಕೇಳುತ್ತಲೇ ಇದ್ದ. ಇಚಲಕರಂಜಿಯವನೊಬ್ಬ ತನಗೆ ಬೇರೆ ಹನ್ನೊಂದು ಮಂದಿ ಕೊಟ್ಟರೆ ಮಾತ್ರ ಬರುತ್ತೇನೆ ಅಂದ.

ಕೊನೆಗೆ ಉಳಿದದ್ದು ಕ್ಲಬ್ಬಿಗೆ ಹತ್ತಿರದ ಎರಡು ಹೆಸರು. ಒಂದು ಸಂಪದಾ. ಬುಧಗಾಂವದ ಜೈನ ಒಕ್ಕಲಿನ ಮನೆಯ ಹುಡುಗಿ, ಅಲ್ಲಿನ ಶಾಲೆಯಲ್ಲಿ ಆಟ ಕಲಿಸುವವಳು, ಹಿಂದೆ ಯೂನಿವರ್ಸಿಟಿಯ ತಂಡಕ್ಕೆ ಆಡಿದವಳು. ಮ್ಯಾನೇಜರ ಹೋದಂದಿನಿಂದ ಯಾರೂ ಎರಡನೇ ಸಲ ಕರೆಯದೆ, ಬೆಳಗಾಗುವ ಮೊದಲೇ ಸ್ಕೂಟರಿನಲ್ಲಿ ಬಂದು ಹುಡುಗರನ್ನು ಓಡಿಸುತ್ತಿದ್ದಳು. ಇನ್ನೊಂದು ಸುಶಾಂತ, ಗುರುಬಸಪ್ಪನ ತಂಗಿಯ ಮಗ. ಮೊಣಕಾಲು ಕೈಕೊಡುವವರೆಗೂ ಅವನು ಕ್ಲಬ್ಬಿನ ಎಡಗಡೆಯ ಬೆಂಕಿ. ಕುಪವಾಡದ ಕಾರ್ಖಾನೆಯಲ್ಲಿದ್ದ ಕೆಲಸ ಹೋದ ಮೇಲೆ ಮನೆಯಲ್ಲಿ ಗೋಡೆಗೆ ಮುಖ ಮಾಡಿ ಮಲಗುತ್ತಿದ್ದ.

ಹಿಂದಿನ ದಿನ ಇಳಿಹೊತ್ತಿನಲ್ಲಿ ತಂಗಿ ಸರುಬಾಯಿ ಬಂದು ಇದೇ ಗಾದಿಯ ತುದಿಗೆ ಕೂತಿದ್ದಳು.

"ಅವಗ ರೊಕ್ಕ ಬ್ಯಾಡೋ ಅಣ್ಣಾ," ಅಂದಿದ್ದಳು. "ಮುಂಜಾನೆ ಏಳಾಕ ಒಂದು ಕಾರಣ ಬೇಕಾಗ್ಯದ. ಅಷ್ಟs."

"ಶಿವ ಮಾಡಿದ್ಹಾಂಗ ಆಗ್ತದ, ಸರು," ಎಂದು ಗುರುಬಸಪ್ಪ ಹೇಳಿದ್ದ. ಬಾಯಿ ಹೇಳಿದ್ದು ಅಷ್ಟೇ. ಆದರೆ ತಂಗಿಯ ಒಣಗಿದ ಮುಖ ನೋಡಿದ ಕಣ್ಣು ಇನ್ನೂ ಏನೋ ಮಾತು ಕೊಟ್ಟುಬಿಟ್ಟಿತ್ತು.

ಪಂಚರು ಒಬ್ಬೊಬ್ಬರಾಗಿ ಮಂಜಿನೊಳಗಿಂದ ಬಂದರು. ಮಿರಜ ಸ್ಟೇಷನ್ನಿನ ಹೊರಗೆ ಚಹಾದ ಅಂಗಡಿ ಇಟ್ಟ ಮಾಯಪ್ಪ, ಕ್ಲಬ್ಬಿನ ಹಳೆಯ ಗೋಲ್‌ಕೀಪರ. ದವಾಖಾನೆಗಳ ಸಾಲಿನಲ್ಲಿ ಔಷಧದ ಅಂಗಡಿಯ ಸತ್ಯಪ್ಪ. ಕುಪವಾಡದಲ್ಲಿ ಲೇಥ್ ಮಷಿನ್ನು ನಡೆಸುವ ದಿಲೀಪ. ಬಸ್ಸು ತಡವಾಗಿ, ಎಲ್ಲರಿಗಿಂತ ಕೊನೆಗೆ, ಬುಧಗಾಂವದ ಬೀಜದ ವ್ಯಾಪಾರಿ ನೇಮಿನಾಥ.

"ಹೆಸರು ಎರಡು ಅವ," ಗುರುಬಸಪ್ಪ ಅಂದ. "ಎರಡೂ ನಮ್ಮವs. ಕೈ ಎತ್ರಿ ಅನ್ಲೇನು?"

ದಿಲೀಪ ಕುತ್ತಿಗೆ ತುರಿಸಿಕೊಂಡ. "ಕೈ ಎತ್ತಿ ನಾಳೆ ಮಾರಿ ಹ್ಯಾಂಗ ನೋಡೂದ್ರಿ? ಸುಶಾಂತ ನನ್ನ ಜೋಡಿ ಆಡಿದಾಂವ. ಸಂಪದಾ ನನ್ನ ಮಗಳಿಗೆ ಕಲಸಾಕಿ."

"ರುಮಾಲು ಹಾಕ್ರಿ," ಅಂದ ಮಾಯಪ್ಪ. "ಪೇಟ್ಯಾಗ ಕುಂತೇವಿ, ಪೇಟೀ ಪದ್ಧತಿ ಮಾಡೂಣು."

ಈಗ ಅರಿಷಿಣದ ಹರಾಜು ಎಲ್ಲರೆದುರು ಕೂಗಿ ಆಗುತ್ತದೆ. ಮೊದಲು ಹಾಗಿರಲಿಲ್ಲ. ಕೊಳ್ಳುವವನು ಅಡತಿಯವನ ಕೈ ಹಿಡಿಯುತ್ತಿದ್ದ, ಮೇಲೆ ರುಮಾಲು, ಕೆಳಗೆ ಬೆರಳು ಒತ್ತಿದ್ದೇ ಧಾರಣೆ. ಸುತ್ತ ನಿಂತವರಿಗೆ ಕಾಣುತ್ತಿದ್ದದ್ದು ಬಟ್ಟೆಯ ಅಲುಗಾಟವಷ್ಟೇ. ಯಾರು ಎಷ್ಟು ಒತ್ತಿದರೆಂಬುದು ಅಡತಿಯವನಿಗೆ ಮಾತ್ರ ಗೊತ್ತು. ಅವನು ಹೇಳಿದ್ದೇ ಕೊನೆ. ನೀನೆಷ್ಟು ಒತ್ತಿದೆ ಎಂದು ಒಬ್ಬರನ್ನೊಬ್ಬರು ಕೇಳುವುದು ಪೇಟೆಯಲ್ಲಿ ಹೇಸಿಕೆಯ ಮಾತು. ಗುರುಬಸಪ್ಪನ ಕೈಗೆ ಒಂದು ಹೆಸರಿತ್ತು. ಅವನ ಅಂಗೈಯಲ್ಲಿ ಒತ್ತಿದ್ದು ಬಾಯಿಗೆ ಬರುವಾಗ ಒಂದು ಗುಂಜಿಯಷ್ಟೂ ಬದಲಾಗುವುದಿಲ್ಲವೆಂದು ದೂರದ ಕಾರಂಜಾದ ವ್ಯಾಪಾರಿಗಳೂ ಹೇಳುತ್ತಿದ್ದರು.

"ಆತು. ಒಂದು ಬೆರಳು ಒತ್ತಿದ್ರ ಸುಶಾಂತ. ಎರಡು ಒತ್ತಿದ್ರ ಸಂಪದಾ," ಎಂದು ಅವನು ಹೆಗಲ ಮೇಲಿನ ಬಿಳಿ ವಸ್ತ್ರವನ್ನು ಬಲಗೈ ಮೇಲೆ ಇಳಿಬಿಟ್ಟ.

ಮಾಯಪ್ಪ ಮೊದಲು ಬಂದ. ಚೆಂಡು ಹಿಡಿದು ಹಿಡಿದು ಸೊಟ್ಟಗಾದ ಬೆರಳು. ಎರಡು. ಆಮೇಲೆ ದಿಲೀಪ, ಕಬ್ಬಿಣ ಉಜ್ಜಿದ ಒರಟು ಕೈ. ಎರಡು. ನೇಮಿನಾಥನ ತಣ್ಣಗಿನ ಬೆರಳು ಹಗುರವಾಗಿ ಮುಟ್ಟಿದವು, ಎರಡೇ. ಸತ್ಯಪ್ಪ ಎಲ್ಲದರಲ್ಲೂ ಅನುಮಾನದ ಮನುಷ್ಯ. ಎರಡು ಬೆರಳು ಒತ್ತಿ, ಗುರುಬಸಪ್ಪನಿಗೆ ತಿಳಿಯಿತೋ ಇಲ್ಲವೋ ಎಂದು ಮತ್ತೊಮ್ಮೆ ಒತ್ತಿದ.

ಗುರುಬಸಪ್ಪ ವಸ್ತ್ರ ತೆಗೆದು ಹೆಗಲಿಗೆ ಹಾಕಿಕೊಂಡ. ಎಲ್ಲರೂ ಅವನ ಬಾಯಿ ನೋಡುತ್ತಿದ್ದರು. ಆ ಬಾಯಿ, ಅವನನ್ನು ಕೇಳದೆಯೇ, "ಸುಶಾಂತ" ಅಂದಿತು.

ಯಾರೂ ಯಾರ ಮುಖವನ್ನೂ ನೋಡಲಿಲ್ಲ.

"ಚಲೋ ಆತು," ಅಂದ ಸತ್ಯಪ್ಪ, ಗಾದಿಯ ಹೊಲಿಗೆ ನೋಡುತ್ತ.

"ಒಳ್ಳೇದಾಗ್ಲಿ ಹುಡುಗಗ," ಅಂದ ನೇಮಿನಾಥ.

ದಿಲೀಪ ಚಹಾ ಎಲ್ಲಿ ಎಂದು ಕೇಳಿದ.

ಗುರುಬಸಪ್ಪ ಅಂದುಕೊಂಡಿದ್ದ, ಯಾರಾದರೊಬ್ಬರು ಹುಬ್ಬು ಏರಿಸುತ್ತಾರೆ, ಎಣಿಕೆ ಹೇಳ್ರಿ ಅನ್ನುತ್ತಾರೆ. ಯಾರೂ ಅನ್ನಲಿಲ್ಲ. ಯಾಕೆಂಬುದು ಅವನಿಗೆ ತಿಳಿದದ್ದು ಆ ವಾರದಲ್ಲಿ. ಮಿರಜಕ್ಕೆ ಹೋದಾಗ ಮಾಯಪ್ಪ ಚಹಾದ ಕಪ್ಪು ಕೈಗಿಡುತ್ತ ತಗ್ಗಿದ ದನಿಯಲ್ಲಿ ಹೇಳಿದ: "ಅಣ್ಣಾರ, ನಾ ಒಬ್ಬಾಂವs ಆ ಹುಡುಗಿಗೆ ಕೊಟ್ಟೆ ಕಾಣ್ತದ. ಸಿಟ್ಟಾಗಬ್ಯಾಡ್ರಿ. ನಿಮ್ಮ ಅಳಿಯನ ಮ್ಯಾಲೆ ನನಗೇನೂ ಇಲ್ಲ." ಮರುದಿನ ನೇಮಿನಾಥ ಅಂಗಡಿಗೆ ಬಂದು ಅದನ್ನೇ ಬೇರೆ ಮಾತಿನಲ್ಲಿ ಹೇಳಿದ. ಸತ್ಯಪ್ಪ ಮಾತ್ರ ಏನೂ ಹೇಳದೆ, ಗುರುಬಸಪ್ಪನ ಬಿಪಿಯ ಗುಳಿಗೆಯನ್ನು ತಾನೇ ಮನೆಗೆ ತಂದುಕೊಟ್ಟು ಹೋದ. ಪ್ರತಿಯೊಬ್ಬನೂ ತಾನೊಬ್ಬನೇ ಬೇರೆಯಾದೆನೆಂದು ನಾಚಿಕೊಂಡಿದ್ದ. ನಿಜ ಈ ಲೋಕದಲ್ಲಿ ಒಂದೇ ಜಾಗದಲ್ಲಿತ್ತು, ಗುರುಬಸಪ್ಪನ ಅಂಗೈಯಲ್ಲಿ.

ಸುಶಾಂತ ಮುಂಜಾನೆ ಏಳತೊಡಗಿದ್ದ. ಸರುಬಾಯಿ ಅಣ್ಣನಿಗೆ ಶೇಂಗಾ ಹೋಳಿಗೆ ಮಾಡಿ ಕಳಿಸಿದಳು. ಗುರುಬಸಪ್ಪ ಅದನ್ನು ಹಾಗೆಯೇ ಅಂಗಡಿಯ ಹಮಾಲರಿಗೆ ಹಂಚಿಬಿಟ್ಟ.

ಶುಕ್ರವಾರ ಸಂಪದಾ ಅಂಗಡಿಗೆ ಬಂದಳು. ಶಾಲೆಯಿಂದ ನೇರ ಬಂದವಳು. ಬೂಟಿಗೆ ಕೆಂಪು ಮಣ್ಣು ಹತ್ತಿತ್ತು. ಗಾದಿ ಹೊಲಸಾಗುತ್ತದೆಂದು ಮೆಟ್ಟಿಲ ಮೇಲೆಯೇ ನಿಂತಳು.

"ಬಾ ಬಾಳಾ, ಕುಂದ್ರು."

"ಇಲ್ರಿ ಕಾಕಾ. ಏಕ ವಿಚಾರೂ ಕಾ?" ಅಂದಳು ಮರಾಠಿಯಲ್ಲಿ. ಆಮೇಲೆ ಕನ್ನಡ ಮಾತಾಡುವ ಹಿರಿಯರ ಮುಂದೆ ಸರಿಯಲ್ಲವೆಂದು ತನ್ನ ತಡವರಿಸುವ ಕನ್ನಡಕ್ಕೆ ಬಂದಳು. "ಒಂದು ಕೇಳ್ಲೇನ್ರಿ? ನನಗ ಯಾರರೆ ಕೊಟ್ಟಿದ್ರೇನು? ಒಬ್ರರೆ?"

ಗುರುಬಸಪ್ಪ ಊದಿನಕಡ್ಡಿಯ ಬೂದಿಯನ್ನು ನೋಡಿದ. ಹೌದು ಎಂಬ ಒಂದು ಮಾತು ನಾಲಿಗೆಯ ತುದಿಗೆ ಬಂದು ನಿಂತಿತ್ತು. ಅದನ್ನು ಹೊರಗೆ ಬಿಟ್ಟರೆ ಉಳಿದವೂ ಅದರ ಬೆನ್ನು ಹಿಡಿದು ಬರುತ್ತವೆಂದು ಅವನಿಗೆ ಗೊತ್ತಿತ್ತು.

"ರುಮಾಲಿನ ಕೆಳಗಿನ ಮಾತು ಹೊರಗ ಹೇಳೂದಿಲ್ಲವಾ, ತಂಗಿ," ಅಂದ. "ಪೇಟೀ ಧರ್ಮ ಅದು."

"ಬರೋಬರ ಅದರಿ," ಎಂದು ಅವಳು ತಲೆದೂಗಿದಳು. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ. ಇದ್ದರೆ ಅವನಿಗೆ ಹಗುರಾಗುತ್ತಿತ್ತು. "ಯಾಕ ಕೇಳಿದೆ ಅಂದ್ರ, ಇಷ್ಟು ದಿನ ನಾ ಹುಡುಗರಿಗೆ ಜೋರು ಮಾಡಿ ಹೇಳತಿದ್ದೆ. ಒಬ್ರರೆ ಕೊಟ್ಟಿದ್ರ ನಿಮ್ಮ ಮಾರಿ ಹೇಳತಿತ್ತು. ಹಿರಿಯರೊಳಗ ಒಬ್ಬರಿಗೂ ನಾ ಸರಿ ಅನಿಸಿಲ್ಲ ಅಂದ್ರ, ನನಗs ಏನೋ ತಪ್ಪು ತಿಳುವಳಿಕೆ ಆಗಿತ್ತು. ನಾಳೆ ಕಡೀ ಸಲ ಬಂದು ಹುಡುಗರಿಗೆ ಹೇಳಿ ಹೋಗ್ತೇನ್ರಿ. ಸಾಲ್ಯಾಗೂ ಆಟದ ತಾಸು ಬಿಟ್ಟು ಬ್ಯಾರೆ ವಿಷಯ ಕೇಳಬೇಕಂತ ಮಾಡೇನಿ."

ಸ್ಕೂಟರಿನ ಸಪ್ಪಳ ಓಣಿ ದಾಟಿ ಹೋಗುವವರೆಗೂ ಗುರುಬಸಪ್ಪ ಹಾಗೆಯೇ ಕೂತಿದ್ದ. ಸುಳ್ಳು ಹೇಳಿದ್ದು ಒಂದು ಪಾಪ. ಈಗ ಅದನ್ನು ಧರ್ಮದ ಹೆಸರಿನ ಕೆಳಗೆ ಮುಚ್ಚಿಟ್ಟದ್ದು ಇನ್ನೊಂದು. ಕ್ಲಬ್ಬಿನ ಕೆಲಸ ತಪ್ಪಿದ್ದಷ್ಟೇ ಆಗಿದ್ದರೆ ಸಹಿಸಬಹುದಿತ್ತು. ಆ ಹುಡುಗಿ ತನ್ನ ಮೇಲಿನ ನಂಬಿಕೆಯನ್ನೇ ಬಿಟ್ಟು ಹೊರಟಿದ್ದಳು, ಅದೂ ಅವನ ಮಾತು ನಂಬಿ.

ಶನಿವಾರ ಬೆಳಕು ಹರಿಯುವಾಗ ಸ್ನಾನ ಮಾಡಿ ಪೂಜೆಗೆ ಕೂತ. ಕೊರಳ ಕರಡಿಗೆಯಿಂದ ಇಷ್ಟಲಿಂಗವನ್ನು ತೆಗೆದು ಎಡ ಅಂಗೈಯಲ್ಲಿಟ್ಟುಕೊಂಡ. ನೀರೆರೆದ. ವಿಭೂತಿ ಹಚ್ಚಲು ಬಲಗೈ ಎತ್ತಿದ. ಕೈ ಅರ್ಧಕ್ಕೆ ನಿಂತಿತು. ಆ ಕೈಯೊಳಗೆ ಸೊಟ್ಟ ಬೆರಳು, ಒರಟು ಬೆರಳು, ತಣ್ಣಗಿನ ಬೆರಳು ಎಲ್ಲವೂ ಇನ್ನೂ ಒತ್ತುತ್ತಿದ್ದವು. ನಾಲ್ಕು ಮಂದಿ ನಂಬಿ ಇಟ್ಟುಹೋದದ್ದನ್ನು ಹಿಡಿದುಕೊಂಡ ಕೈಯನ್ನು ಲಿಂಗದ ಹತ್ತಿರ ಹೇಗೆ ಒಯ್ಯುವುದು? ಅವನು ಕಣ್ಣು ಮುಚ್ಚಿ ಬಹಳ ಹೊತ್ತು ಕೂತ. ಶಿವ ಏನೂ ಹೇಳಲಿಲ್ಲ. ಅವನು ಎಂದೂ ಹೇಳುವವನಲ್ಲ, ಕಾಯುತ್ತಾನೆ ಅಷ್ಟೇ. ಗುರುಬಸಪ್ಪ ಎದ್ದು ನಾಲ್ವರಿಗೂ ಫೋನ್ ಮಾಡಿ ಮೈದಾನಕ್ಕೆ ಬರಹೇಳಿದ. ಆಮೇಲೆ ಮೈದಾನಕ್ಕೆ ಹೊರಟಿದ್ದ ಸುಶಾಂತನನ್ನು ಕರೆದು, ಮೋಟಾರ್‌ಸೈಕಲ್ಲಿನಲ್ಲಿ ತನ್ನನ್ನೂ ಮಿರಜಕ್ಕೆ ಕರೆದೊಯ್ಯಲು ಹೇಳಿದ.

ವಿಶ್ರಾಮಬಾಗ ದಾಟಿದ ಮೇಲೆ ಅವನು ಅಳಿಯನ ಬೆನ್ನಿಗೆ ಎಲ್ಲವನ್ನೂ ಹೇಳಿದ. ಮುಖಕ್ಕಿಂತ ಬೆನ್ನಿಗೆ ಹೇಳುವುದು ಸುಲಭವಿತ್ತು. ಸುಶಾಂತ ತಿರುಗಿ ನೋಡಲಿಲ್ಲ. ಗಾಡಿ ಮಾತ್ರ ನಿಧಾನವಾಯಿತು.

"ನನಗ ಎಷ್ಟು ಮಂದಿ ಕೊಟ್ಟಿದ್ರು, ಮಾಮಾ?"

"ಯಾರೂ ಇಲ್ಲಪಾ."

ರೈಲ್ವೆ ಗೇಟು ಬಿದ್ದಿತ್ತು. ಮಾಲುಗಾಡಿಯೊಂದು ಮುಗಿಯದ ಹಾಗೆ ಹೋಗುತ್ತಿತ್ತು. ಸುಶಾಂತ ಇಂಜಿನ್ ಬಂದ್ ಮಾಡಿ, ಒಂದು ಕಾಲು ನೆಲಕ್ಕೂರಿ ಕೂತ. ಅವನ ಕಿವಿ ಕೆಂಪಾಗಿದ್ದವು.

"ನನ್ನ ಒಂದು ಮಾತು ಕೇಳಬೇಕಿತ್ರಿ ನೀವು," ಅಂದ ಕೊನೆಗೆ. "ವಾರಾತು, ಹುಡುಗರು ನನಗ 'ದಾದಾ, ಮ್ಯಾಡಮ್ ಎಂದ ಬರ್ತಾರ' ಅಂತ ಕೇಳಾಕತ್ತಾರ. ನಾನೂ ಅದನ್ನs ಕೇಳ್ಕೋತಿದ್ದೆ. ನನಗ ಆಡಾಕ ಬರ್ತಿತ್ತು ಮಾಮಾ, ಆಡಸಾಕ ಬರೂದಿಲ್ಲ." ಡಬ್ಬಿಗಳು ಹೋಗುತ್ತಲೇ ಇದ್ದವು. "ಅವ್ವಗ ಯಾರು ಹೇಳ್ತೀರಿ?"

"ನಾನs ಹೇಳ್ತೇನಿ."

"ಬೈತಾಳ."

"ಬೈಲಿ."

ಮೈದಾನದಲ್ಲಿ ಹುಡುಗರು ಓಡುತ್ತಿದ್ದರು. ಸಂಪದಾ ಅಂಚಿನಲ್ಲಿ ನಿಂತಿದ್ದಳು. ಹೇಳಿ ಹೋಗಲು ಬಂದವಳು ಹೇಳಲಾರದೆ ನಿಂತ ಹಾಗಿತ್ತು. ಪಂಚರು ಗೋಲುಗಂಬದ ಹತ್ತಿರ ಕೈಕಟ್ಟಿ ನಿಂತಿದ್ದರು. ಗುರುಬಸಪ್ಪ ಅವಳನ್ನೂ ಅಲ್ಲಿಗೆ ಕರೆದ. ಹೆಗಲ ಮೇಲಿನ ವಸ್ತ್ರ ತೆಗೆದು ಕಂಕುಳಿಗೆ ಸೇರಿಸಿ, ಬರಿಗೈಯಲ್ಲಿ ನಿಂತ.

"ಅವತ್ತ ನಾ ಸುಳ್ಳು ಹೇಳಿದೆ," ಅಂದ. "ಕೈಯಾಗ ಬಿದ್ದದ್ದು ಒಂದು, ಬಾಯಾಗ ಬಂದದ್ದು ಒಂದು. ಮಾಯಪ್ಪಾ, ನೀ ಎರಡು ಒತ್ತಿದ್ದಿ. ದಿಲೀಪನೂ ಎರಡು. ನೇಮಿನಾಥರೂ ಎರಡು. ಸತ್ಯಪ್ಪ ಎರಡು ಸಲ ಎರಡು. ನಾಕೂ ಮಂದಿ ಸಂಪದಾಗ ಕೊಟ್ಟೀರಿ. ಅಳಿಯನ ಮ್ಯಾಲಿನ ಮಾಯೆಗೆ ನಾ ನುಂಗಿದೆ. ಸುಶಾಂತಗ ಗೊತ್ತಿರಲಿಲ್ಲ."

ನಾಲ್ವರೂ ನಿಧಾನವಾಗಿ ಒಬ್ಬರ ಮುಖ ಒಬ್ಬರು ನೋಡಿದರು.

"ನೀನೂ ಏನೋ?" ಅಂದ ಮಾಯಪ್ಪ ದಿಲೀಪನಿಗೆ.

"ಮತ್ತ ನೀ?"

"ವಾರದಿಂದ ನಾ ನಿನ್ನ ಮನಸಿನಾಗ ಬೈಯಾಕತ್ತೀನಲ್ಲೋ."

ನೇಮಿನಾಥ ಕನ್ನಡಕ ತೆಗೆದು ಒರೆಸಿದ. ಸತ್ಯಪ್ಪ ಅಂದ, "ಅದಕ್ಕs ನಾ ಎರಡು ಸಲ ಒತ್ತಿದ್ದೆ." ಯಾರೋ ನಕ್ಕರು, ನಗು ಗುರುಬಸಪ್ಪನವರೆಗೆ ಬಂದು ನಿಂತಿತು.

"ಅಧ್ಯಕ್ಷನ ಕುರ್ಚಿ ಇವತ್ತಿಗೆ ಬಿಟ್ಟೆ," ಅಂದ ಅವನು. "ಯಾರನ್ನ ಬೇಕು ಅವರನ್ನ ಮಾಡ್ರಿ."

ಮಾಯಪ್ಪ ಅವನ ಹತ್ತಿರ ಬಂದ. "ಆ ಮಾತು ಆಮ್ಯಾಲೆ ಆಡೂಣ್ರಿ," ಅಂದ. "ಸಿಟ್ಟು ಬಂದದ ನನಗ. ಬಂದದ, ಇಲ್ಲ ಅನ್ನೂದಿಲ್ಲ. ಆದ್ರ ಯಾರೂ ಕೇಳದs ಬಂದು ಹೇಳೀರಿ."

ಸಂಪದಾ ನಾಲ್ಕೂ ಮಂದಿಯನ್ನು ಒಬ್ಬೊಬ್ಬರನ್ನಾಗಿ ನೋಡುತ್ತಿದ್ದಳು, ಹೊಸದಾಗಿ ಪರಿಚಯವಾದವರನ್ನು ನೋಡಿದ ಹಾಗೆ. ಗುರುಬಸಪ್ಪನ ಕಡೆಗೆ ಬಂದಾಗ ಅವಳ ಕಣ್ಣು ತುಸು ಹೊತ್ತು ನಿಂತವು, ಕ್ಷಮಿಸಿದ ಹಾಗೂ ಇರಲಿಲ್ಲ, ದೂರ ತಳ್ಳಿದ ಹಾಗೂ ಇರಲಿಲ್ಲ. ಅಷ್ಟು ಅವನಿಗೆ ಸಾಕಿತ್ತು. ಅದಕ್ಕಿಂತ ಹೆಚ್ಚು ಕೇಳುವ ಬಾಯಿ ಅವನಿಗೆ ಉಳಿದಿರಲಿಲ್ಲ.

ಸುಶಾಂತ ಅಷ್ಟೂ ಹೊತ್ತು ತಲೆ ತಗ್ಗಿಸಿ, ಗಾಡಿಯ ಕೀಲಿಗೊಂಚಲನ್ನು ಹಿಡಿದು, ಮ್ಯಾನೇಜರನ ಬಳಿ ಇರುವ, ಚೆಂಡುಗಳನ್ನಿಡುವ ಕೋಣೆಯ ಕೀಲಿಯನ್ನು ಉಗುರಿನಿಂದ ಬಿಡಿಸುತ್ತಿದ್ದ. ಬಿಗಿಯಾದ ಉಂಗುರ, ಎರಡು ಸಲ ಜಾರಿತು. ಬಿಡಿಸಿಕೊಂಡದ್ದೇ ಸಂಪದಾಳ ಹತ್ತಿರ ಹೋಗಿ, ಅವಳ ಅಂಗೈಯಲ್ಲಿ ಇಟ್ಟ.