ಮೊದಲು ಉಂಡವಳು

ದಾನೇಶ್ವರಿ ಮೋಟುಗೋಡೆಯ ಮೇಲಿಂದ ಖಾರದ ಬಟ್ಟಲು ಚಾಚಿದಳು.

“ಉಪ್ಪು ನೋಡ್ಬುಡು ಶಿವರಂಜಿನಿ. ನಂಗ್ಯಾಕೋ ಧೈರ್ಯನೇ ಬರ್ತಾ ಇಲ್ಲ. ಇಷ್ಟು ವರ್ಸ ನಿಮ್ಮತ್ತೆ ನೋಡೋರು.”

ಶಿವರಂಜಿನಿ ಕೈ ಚಾಚಲಿಲ್ಲ. ಹಜಾರದಲ್ಲಿ ಅವಳ ಅತ್ತೆ ಪುಟ್ಟಬಸಮ್ಮನನ್ನು ಗೋಡೆಗೆ ಒರಗಿಸಿ ಕೂರಿಸಿದ್ದರು. ಹಣೆ ತುಂಬ ವಿಭೂತಿ, ಎದೆಯ ಮೇಲೆ ಲಿಂಗದ ಕರಡಿಗೆ. ಎಪ್ಪತ್ತೆಂಟರ ಮುದುಕಿ ನಿನ್ನೆ ಸಂಜೆ ಕಾಫಿ ಕುಡಿದು, “ರಾತ್ರಿಗೆ ಏನಮ್ಮಿ ಸಾರು?” ಎಂದು ಕೇಳಿ, ಉತ್ತರಕ್ಕೂ ಕಾಯದೆ ಹೋಗಿಬಿಟ್ಟಿದ್ದಳು. ಅವರ ಊರು ಕುದೇರಿನಲ್ಲಿ ಹೆಣ ಎತ್ತುವವರೆಗೆ ಸಾವಿನ ಮನೆಯ ಒಲೆ ಹಚ್ಚುವುದಿಲ್ಲ. ಪಕ್ಕದ ಮನೆಯ ದಾನೇಶ್ವರಿಯೇ ಹುರುಳಿಕಾಳು ಬೇಯಿಸಿ ಉಪ್ಸಾರಿಗೆ ಇಟ್ಟಿದ್ದಳು.

“ನೀನೇ ನೋಡು ದಾನಕ್ಕ,” ಎಂದಳು ಶಿವರಂಜಿನಿ. “ಈಗ ನಂಗೆ ನಾಲಗೆನೇ ಇಲ್ಲ.”

ಅಂಗಳದ ಶಾಮಿಯಾನದ ಕೆಳಗೆ ಗಂಡಸರ ಮಾತೆಲ್ಲ ಊಟದ್ದೇ. ಸಾವಿನ ಮನೆಯಲ್ಲಿ ಹೊಟ್ಟೆ ಚುರುಗುಟ್ಟಿದರೆ ಯಾರೂ ಹಸಿವು ಅನ್ನುವುದಿಲ್ಲ, ಸತ್ತವರ ಕೈರುಚಿ ಹೊಗಳಲು ಶುರುಮಾಡುತ್ತಾರೆ.

“ಉಪ್ಸಾರು ಅಂದ್ರೆ ಪುಟ್ಟಬಸವ್ವಂದು ಕಣ್ಲಾ,” ಎಂದ ಬೀದಿಯ ಮರಿಯಪ್ಪ. “ಖಾರಕ್ಕೆ ಮೆಣಸಿನಕಾಯ ಕೆಂಡದಲ್ಲಿ ಸುಡೋಳು.”

“ಸುಡ್ತಿರ್ಲಿಲ್ಲ ಕಣ, ಹುರಿಯೋಳು,” ಎಂದ ಸಂತೆಮರಹಳ್ಳಿಯಿಂದ ಬಂದಿದ್ದ ಗೋವಿಂದಯ್ಯ. “ಮೂವತ್ತು ವರ್ಸ ಉಂಡಿವ್ನಿ ಈ ಮನೇಲಿ, ನಂಗೇ ಹೇಳ್ತೀಯ?”

“ಉಂಡಿದ್ದೀಯ ಬುಡು. ಅವಳು ಉಂಡು ತೇಗಿದ ಮೇಲೆ!”

ಎಲ್ಲರೂ ನಕ್ಕರು, ನಕ್ಕಿದ್ದಕ್ಕೆ ನಾಚಿ ಹೆಣದ ಕಡೆ ನೋಡಿದರು. ಪುಟ್ಟಬಸಮ್ಮನ ಮೈದುನ ಗುರುಮಲ್ಲಯ್ಯ ಮಾತ್ರ ನಗಲಿಲ್ಲ. ಆ ಮಾತು ಐವತ್ತೇಳು ವರ್ಷದಿಂದ ಅವನ ಗಂಟಲಲ್ಲಿ ಮುಳ್ಳಾಗಿ ಕೂತಿತ್ತು.

*

ಆಗ ಪುಟ್ಟಬಸಮ್ಮನಿಗೆ ಇಪ್ಪತ್ತೊಂದು. ಮನೆಯಲ್ಲಿ ಹನ್ನೊಂದು ಜನ ಗಂಡಸರು, ಸುಗ್ಗಿಯಲ್ಲಿ ಆಳುಗಳು ಬೇರೆ. ಮುದ್ದೆ ತಿರುವಿ, ಸಾರು ಇಳಿಸಿ, ಎಲ್ಲರಿಗೂ ಎರಡೆರಡು ಸಲ ಬಡಿಸಿ, ಕಡೆಗೆ ತಪ್ಪಲೆಗೆ ಕೈ ಹಾಕಿದರೆ ಸಿಗುತ್ತಿದ್ದುದು ತಳ ಹಿಡಿದ ಸೀಕು. ಅವಳ ಅತ್ತೆ ತಿಂದದ್ದೂ ಅದನ್ನೇ, ಅತ್ತೆಯ ಅತ್ತೆ ತಿಂದದ್ದೂ ಅದನ್ನೇ. ಯಾವ ಶಾಸ್ತ್ರದಲ್ಲಿ ಬರೆದಿದೆಯೋ ಆ ಶಿವನೇ ಬಲ್ಲ.

ಒಂದು ಮಧ್ಯಾಹ್ನ ಗಂಡಸರು ಕೈ ತೊಳೆದು ಸಾಲಾಗಿ ಕೂತಿದ್ದಾಗ ಅವಳು ಅಡಿಗೆಮನೆಯ ಅಗುಳಿ ಹಾಕಿಕೊಂಡಳು. ಒಳಗೆ ಎರಡು ಮುದ್ದೆ ಉಂಡು, ಒಂದು ಚೆಂಬು ಮಜ್ಜಿಗೆ ಕುಡಿದು, ಹೊರಗೆ ಕೇಳುವಂತೆ ತೇಗಿ, ಬಾಗಿಲು ತೆಗೆದಳು.

“ಗಂಡಸ್ರು ಬಾಯಿಗಿಡೋಕೆ ಮುಂಚೆ ಉಂಡ್ಬುಟ್ಯಾ? ಲಿಂಗಕ್ಕೆ ಎಡೆ ಆಗಿಲ್ಲ ಇನ್ನೂವೆ!” ಎಂದು ಅವಳ ಮಾವ ಹಾರಾಡಿದ.

ಪುಟ್ಟಬಸಮ್ಮ ಕೊರಳ ಕರಡಿಗೆ ಎತ್ತಿ ತೋರಿಸಿದಳು.

“ನಿಮ್ ಕೊರಳಲ್ಲಿರೋದೇ ನನ್ ಕೊರಳಲ್ಲೂ ಅದೆ ಮಾವ. ಅದಕ್ಕೆ ತೋರ್ಸೇ ಉಂಡೆ. ನಿಮ್ ಶಿವುಂಗೆ ಮೊದ್ಲು ಹಸಿವಾಗಿ, ನನ್ ಶಿವುಂಗೆ ಆಮೇಕೆ ಹಸಿವಾಯ್ತದಾ?”

ಮಾವ ಎಲೆ ಬಿಟ್ಟು ಎದ್ದ. ಹದಿನೆಂಟರ ಗುರುಮಲ್ಲಯ್ಯನೂ ಅಪ್ಪನ ಹಿಂದೆ ಎದ್ದ. ಅಪ್ಪ ಸಂಜೆಯವರೆಗೂ ಉಪವಾಸ ಕೂತ. ಮಗ ಮೂರು ಗಂಟೆಗೇ ಹಿತ್ತಲ ಬಾಗಿಲಿಂದ ನುಗ್ಗಿ, “ಅತ್ತಿಗೆ, ಏನಾರ ಅದಾ?” ಎಂದ. ಅವಳು ಬಡಿಸಿದಳು. ಆಮೇಲೂ ಆ ವಿಷಯ ಯಾರಿಗೂ ಹೇಳಲಿಲ್ಲ.

ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಅನ್ನುತ್ತಾರೆ. ಪುಟ್ಟಬಸಮ್ಮನಿಗೆ ಎರಡೂ ಗೊತ್ತಿತ್ತು, ಜಗಳ ಮಾತ್ರ ತಪ್ಪಲಿಲ್ಲ. ಊರು ಅವಳನ್ನು ಹೊಟ್ಟೆಬಾಕಿ ಅಂದಿತು. “ಹೂಂ, ಶಿವ ನಂಗೂ ಒಂದು ಹೊಟ್ಟೆ ಕೊಟ್ಟವ್ನೆ, ಏನೀಗ?” ಅಂದಳು. ಆವತ್ತಿನಿಂದ ಆ ಮನೆಯಲ್ಲಿ ಬೇಯಿಸಿದವಳು ಮೊದಲು ಉಣ್ಣುವುದು ರೂಢಿಯಾಯಿತು.

*

ಅಯ್ಯನವರ ಪೂಜೆ ಮುಗಿಯಿತು. ಮುದುಕಿಯನ್ನು ಹೂವಿನ ವಿಮಾನದಲ್ಲಿ ಕೂರಿಸಿದರು. ಮಗ ಮಹದೇವ ಹೆಗಲು ಕೊಟ್ಟ. ಹೆಂಗಸರು ಮಣ್ಣಿಗೆ ಹೋಗುವಂತಿಲ್ಲ, ಬಾಗಿಲಲ್ಲೇ ನಿಂತು ಅತ್ತರು. ಹೊರಡುವ ಮುಂಚೆ ಗುರುಮಲ್ಲಯ್ಯ ತಿರುಗಿ ನಿಂತ.

“ಮಾದೇವ, ನಿನಗೂ ಹೇಳ್ತಾ ಇವ್ನಿ, ನಿನ್ ಎಂಡ್ರಿಗೂ ಹೇಳ್ತಾ ಇವ್ನಿ. ಅತ್ತಿಗೆ ಕಾಲ ಅತ್ತಿಗೆ ಜೊತೇಲೇ ಓಯ್ತು. ನಾವು ಮಣ್ಣು ಮಾಡಿ ಬಂದು, ದೀಪ ನೋಡಿ, ಉಂಡೆದ್ದ ಮೇಲೇ ಎಂಗಸ್ರು ಉಣ್ಣೋದು. ಇವತ್ತಿಂದ ಈ ಮನೇಲೂ ಅಂಗೇಯ.”

ಶಿವರಂಜಿನಿ ಗಂಡನ ಮುಖ ನೋಡಿದಳು. ಅವ್ವನ ಭಾರ ಹೊತ್ತವನು ತಲೆ ಎತ್ತಲಿಲ್ಲ, ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಅವಳಿಗೆ ಮೈ ಉರಿದುಹೋಯಿತು. ಹೆಣ ಇನ್ನೂ ಬೀದಿ ದಾಟಿಲ್ಲ, ಆಗಲೇ ಆ ಜೀವದ ಕಟ್ಟಳೆ ಅಳಿಸಲು ಹೊರಟರಲ್ಲ! ಪಕ್ಕದಲ್ಲಿ ಮಗಳು ಕಾವ್ಯಶ್ರೀ ನಿಂತಿದ್ದಳು. ಚಾಮರಾಜನಗರದಲ್ಲಿ ಬಿ.ಕಾಂ. ಓದುವ ಹುಡುಗಿ.

“ಅಮ್ಮ, ಇನ್ಮೇಲೆ ಹಂಗೇನಾ?” ಎಂದಳು.

ಶಿವರಂಜಿನಿ ಬಾಗಿಲಿಂದ ಒಳಗೆ ತಿರುಗಿದಳು. “ಪೊರಕೆ ತಕ್ಕೊಂಡು ಬಾ,” ಎಂದಳು.

*

ಹರವೆಯಿಂದ ಸೊಸೆಯಾಗಿ ಬಂದ ವಾರದಲ್ಲಿ ಶಿವರಂಜಿನಿ ಮೊದಲ ಸಲ ಇಡೀ ಅಡಿಗೆ ತಾನೇ ಮಾಡಿ, ಸೌಟು ಹಿಡಿದು ಗೋಡೆಗೆ ಆನಿಕೊಂಡು ನಿಂತಿದ್ದಳು. ಹೊರಗೆ ನೆಂಟರು ಕೂತಿದ್ದರು. ಅತ್ತೆ ಅವಳ ಮಣಿಕಟ್ಟು ಹಿಡಿದು ಎಳೆದು ತಟ್ಟೆಯ ಮುಂದೆ ಕೂರಿಸಿದಳು.

“ಉಣ್ಣು. ಬೇಯಿಸ್ದೋಳು ಹಸ್ಕೊಂಡು ಬಡಿಸಿದ್ರೆ ಕೈಯಲ್ಲಿ ಸಿಟ್ಟು ಬತ್ತದೆ. ಆ ಸಿಟ್ಟು ಸಾರಿಗೆ ಇಳಿತದೆ ಕಣಮ್ಮಿ.”

“ಎಲ್ಲಾ ನೋಡ್ತಾವ್ರೆ ಅತ್ತೆ.”

“ನೋಡ್ಲಿ ಬುಡು. ಉಣ್ಣೋದ ಕಂಡಿಲ್ವಾ ಅವ್ರು?”

ಹಾಗಂದು ಸೆರಗು ಸೊಂಟಕ್ಕೆ ಸಿಕ್ಕಿಸಿ, ಸೊಸೆಗೂ ನೆಂಟರಿಗೂ ನಡುವೆ, ಇವಳ ಕಡೆ ಬೆನ್ನು ಮಾಡಿ ನಿಂತಳು. ಇಪ್ಪತ್ತೆರಡು ವರ್ಷ ಶಿವರಂಜಿನಿ ಆ ಬೆನ್ನಿನ ಮರೆಯಲ್ಲಿ ಉಂಡಳು. ಯಾರಾದರೂ ಕೊಂಕು ಆಡಿದರೆ ಅತ್ತೆಯೇ ಉತ್ತರ ಕೊಡುತ್ತಿದ್ದಳು. ಶಿವರಂಜಿನಿ ತಾನಾಗಿ ಒಂದು ದಿನವೂ ಬಾಯಿ ತೆರೆಯಬೇಕಾಗಿ ಬಂದಿರಲಿಲ್ಲ.

*

ಮನೆ ತೊಳೆದಾಯಿತು. ಮುದುಕಿ ಕೂತಿದ್ದ ಜಾಗದಲ್ಲಿ ದೀಪ ಹಚ್ಚಿದರು. ಶಿವರಂಜಿನಿ ತಲೆಗೆ ನೀರು ಹಾಕಿಕೊಂಡು ಒಲೆ ಹೊತ್ತಿಸಿ ಮುದ್ದೆಗೆ ಎಸರಿಟ್ಟಳು. ರಾಗಿ ಹಿಟ್ಟು ತಿರುವುವಾಗ ಕಣ್ಣು ಕತ್ತಲಿಟ್ಟಿತು. ನಿನ್ನೆ ಮಧ್ಯಾಹ್ನದಿಂದ ಹೊಟ್ಟೆಗೆ ಕಾಫಿ ಬಿಟ್ಟರೆ ಏನೂ ಬಿದ್ದಿರಲಿಲ್ಲ.

ಸಾರಿನ ಪಾತ್ರೆ ಹೊತ್ತು ಬಂದ ದಾನೇಶ್ವರಿ ಅವಳ ಮುಖ ನೋಡಿ ಗಾಬರಿಯಾದಳು.

“ಥೂ, ಬಿದ್ದೋಯ್ತೀಯ ಕಣೇ! ಬಾಗ್ಲು ಮುಚ್ಕೊಂಡು ಒಂದು ಮುದ್ದೆ ನುಂಗ್ಬುಡು. ನಾನು ಹೊರಗೆ ನಿಂತಿರ್ತೀನಿ. ಯಾರ್ಗೆ ಗೊತ್ತಾಯ್ತದೆ?”

ಬಿಸಿ ಮುದ್ದೆಯ ವಾಸನೆ ಮೂಗಿಗೆ ಬಡಿಯುತ್ತಿತ್ತು. ಬಾಯಲ್ಲಿ ನೀರೂರಿತು, ಕಣ್ಣಲ್ಲೂ ಊರಿತು.

“ಬ್ಯಾಡ ದಾನಕ್ಕ. ಕದ್ದು ಉಂಡ್ರೆ ಅವರ ಮಾತು ಕೇಳ್ದಂಗೇ ಆಯ್ತದೆ.”

“ಮತ್ತೆ ಉಪಾಸ ಬೀಳ್ತೀಯ?”

“ಇಲ್ಲ. ಬರ್ಲಿ ಅವರು.”

ಗಂಡಸರು ಬಂದರು. ಕಾಲು ತೊಳೆದು, ಒಬ್ಬೊಬ್ಬರಾಗಿ ದೀಪ ನೋಡಿ, ಶಾಮಿಯಾನದ ಕೆಳಗೆ ಸಾಲಾಗಿ ಕೂತರು. ಕಾವ್ಯಶ್ರೀ ಮುತ್ತುಗದ ಎಲೆ ಹಾಕಿದಳು. ಗುರುಮಲ್ಲಯ್ಯ ಸಾಲಿನ ನಡುವೆ ಬೆನ್ನು ನೆಟ್ಟಗೆ ಮಾಡಿ ಕೂತಿದ್ದ. ಅಣ್ಣನ ಮನೆ ಕೊನೆಗೂ ಸರಿಹೋಯಿತು ಎಂಬ ತೃಪ್ತಿ ಮುಖದಲ್ಲಿತ್ತು.

“ಬಡಿಸಮ್ಮಿ,” ಎಂದ. “ಅಡಿಗೆ ಮಾಡಿದವಳಿಗಿಂತ ಬಡಿಸಿದವಳೇ ಮೇಲು ಅಂತಾರೆ.”

ಶಿವರಂಜಿನಿ ಅಡಿಗೆಮನೆಯಿಂದ ಬಂದಳು. ಕೈಯಲ್ಲಿದ್ದುದು ಒಂದೇ ತಟ್ಟೆ. ಅದರಲ್ಲಿ ಒಂದು ಮುದ್ದೆ, ಸಾರು, ಅಂಚಿಗೆ ಖಾರ. ಮರೆಗೆ ನಿಲ್ಲುವ ಬೆನ್ನು ಇರಲಿಲ್ಲ.

“ಉಂಡೋಳು ಇನ್ನೂ ಮೇಲು ಚಿಕ್ಮಾವ,” ಎಂದು ಅವನೆದುರೇ ನೆಲದ ಮೇಲೆ ಕೂತಳು. ಕೊರಳ ಕರಡಿಗೆ ಹೊರತೆಗೆದು ತಟ್ಟೆಗೆ ತೋರಿಸಿ ಕಣ್ಣು ಮುಚ್ಚಿದಳು. ತೆರೆದಾಗ ಇಡೀ ಸಾಲು ಅವಳನ್ನೇ ನೋಡುತ್ತಿತ್ತು. ಮುದ್ದೆ ಮುರಿದು, ಸಾರಿನಲ್ಲಿ ಅದ್ದಿ, ನುಂಗಿದಳು.

“ಮಾದೇವ!” ಗುರುಮಲ್ಲಯ್ಯ ಕಿರುಚಿದ. “ನೋಡ್ಲಾ ನಿನ್ ಎಂಡ್ರ! ಅವ್ವನ ಮಣ್ಣು ಇನ್ನೂ ಹಸಿ ಅದೆ!”

ಮಹದೇವ ತಲೆ ಎತ್ತಿದ. ಅಳುತ್ತಿದ್ದ.

“ನೋಡ್ತಾ ಇವ್ನಿ ಚಿಕ್ಕಪ್ಪ. ನಿನ್ನೆಯಿಂದ ಉಂಡಿಲ್ಲ ಅವಳು. ಉಣ್ಲಿ. ಆಮೇಕೆ ನಾವು ಉಣ್ಣನ.”

ಗುರುಮಲ್ಲಯ್ಯ ಅರ್ಧ ಎದ್ದ. ತನ್ನ ಜೊತೆ ಯಾರು ಏಳುತ್ತಾರೆಂದು ಎಡಕ್ಕೆ ನೋಡಿದ, ಬಲಕ್ಕೆ ನೋಡಿದ. ಮರಿಯಪ್ಪ ಶಾಮಿಯಾನದ ಬಣ್ಣ ನೋಡುತ್ತಿದ್ದ. ಗೋವಿಂದಯ್ಯನ ಕಣ್ಣು ಸಾರಿನ ಪಾತ್ರೆಯ ಮೇಲಿತ್ತು. ಒಬ್ಬನೂ ಅಲುಗಲಿಲ್ಲ. ಅಷ್ಟರಲ್ಲಿ ದಾನೇಶ್ವರಿ, “ಇರಮ್ಮಿ, ನಾನೂ ಬತ್ತೀನಿ,” ಎಂದು ತಟ್ಟೆ ತಂದು ಶಿವರಂಜಿನಿಯ ಪಕ್ಕ ಕೂತಳು. ಅವಳ ಹಿಂದೆ, ಮುದ್ದೆ ಕಟ್ಟಲು ಕೈಜೋಡಿಸಿದ್ದ ನೆರೆಮನೆಯ ಇನ್ನಿಬ್ಬರು ಹೆಂಗಸರು ಬಂದರು.

ಶಿವರಂಜಿನಿ ಮುದ್ದೆ ಮುಗಿಸಿ ತಟ್ಟೆ ಮುಂದೆ ನೀಡಿದಳು.

“ಇನ್ನೊಂದು ಹಾಕು ಕಾವ್ಯ. ನಿನ್ ತಟ್ಟೇನೂ ತಕ್ಕೊಂಡು ಬಾ.”

ಹೊಲದ ಕಡೆಯಿಂದ ಗಾಳಿ ಎದ್ದಿತು. ಶಾಮಿಯಾನ ಪಟಪಟಿಸಿತು. ಗಂಡಸರ ಮುಂದಿನ ಎಲೆಗಳು ಒಂದೊಂದಾಗಿ ಏಳತೊಡಗಿದವು. ಗುರುಮಲ್ಲಯ್ಯ ಮತ್ತೆ ಕೂತು, ತನ್ನ ಖಾಲಿ ಎಲೆ ಹಾರಿಹೋಗದಂತೆ ಎರಡೂ ಕೈಯಿಂದ ಒತ್ತಿ ಹಿಡಿದುಕೊಂಡ.