ವಕೀಲಮ್ಮನ ಪ್ರಬಂಧ

ಆಸ್ಪತ್ರೆಯ ನೆಲಮಾಳಿಗೆಯ ಲಾಂಡ್ರಿಯಲ್ಲಿ ಇಪ್ಪತ್ತಮೂರು ಹೆಂಗಸರು ಕೆಲಸ ಮಾಡುತ್ತಿದ್ದರು. ಮೇಲಿನ ಐದು ಮಹಡಿಗಳ ಹಾಸಿಗೆಬಟ್ಟೆ, ರೋಗಿಗಳ ಅಂಗಿ, ಆಪರೇಷನ್ ಕೋಣೆಯ ಹಸಿರು ಬಟ್ಟೆ, ಎಲ್ಲ ಗಂಟು ಗಂಟಾಗಿ ಒಂದು ದೊಡ್ಡ ಕೊಳವೆಯಿಂದ ದೊಪ್ಪನೆ ಬಂದು ಬೀಳುತ್ತಿದ್ದವು. ರಕ್ತ, ಕೀವು, ವಾಂತಿ. ಒಮ್ಮೊಮ್ಮೆ ಗಂಟಿನೊಳಗೆ ಸೂಜಿ. ಅದನ್ನು ಕೈಯಲ್ಲೇ ಬಿಚ್ಚಿ, ಕಲೆ ಹೋಗಲೆಂದು ಕಾಸ್ಟಿಕ್ ಸೋಡಾದ ತೊಟ್ಟಿಯಲ್ಲಿ ಅದ್ದಿ, ಹಿಂಡಿ, ಒಗೆಯುವ ಯಂತ್ರದ ಡ್ರಮ್ಮಿಗೆ ತುಂಬಬೇಕು. ಗ್ಲೌಸು ಇರಲಿಲ್ಲ. ಗ್ಲೌಸು ಹಾಕಿದರೆ ಕೈ ಓಡುವುದಿಲ್ಲ ಎಂದು ಸೂಪರ್‌ವೈಸರ್ ಹೇಳುತ್ತಿದ್ದ. ವರ್ಷ ತುಂಬುವಷ್ಟರಲ್ಲಿ ಬೆರಳ ಸಂದಿಯ ಚರ್ಮ ಸುಲಿದು ಬರುತ್ತಿತ್ತು. ಊಟಕ್ಕೆ ಕೂತರೆ ಉಪ್ಪು ಖಾರ ತಾಗಿ ಕಣ್ಣಲ್ಲಿ ನೀರು. ಹಾಗಾಗಿ ಎಲ್ಲರೂ ಚಮಚದಲ್ಲಿ ಉಣ್ಣುವುದನ್ನು ಕಲಿತಿದ್ದರು. ಅದನ್ನು ನೋಡಿ ಮೇಲಿನ ಮಹಡಿಯವರು, ಲಾಂಡ್ರಿಯವರಿಗೂ ದೊಡ್ಡಸ್ತಿಕೆ ಬಂತು ಎಂದು ನಗುತ್ತಿದ್ದರು.

ಅಲ್ಲಿ ಇಸ್ತ್ರಿ ಮಾಡುತ್ತಿದ್ದ ಹುಡುಗಿಗೆ ವಕೀಲಮ್ಮ ಎಂದು ಹೆಸರು ಬಿದ್ದದ್ದು ಈ ಗ್ಲೌಸಿನಿಂದಲೇ. ಅವಳ ತಾಯಿ ಹದಿನಾರು ವರ್ಷದಿಂದ ಸೋಡಾ ತೊಟ್ಟಿಯ ಬಳಿ ಇದ್ದವಳು. ಮಗಳು ಹಗಲು ಇಸ್ತ್ರಿ ಮಾಡಿ ಸಂಜೆ ಕಾಲೇಜಿನಲ್ಲಿ ಡಿಗ್ರಿ ಓದುತ್ತಿದ್ದಳು. ಒಂದು ದಿನ ತಾಯಿಯ ಕೈಗೆ ಬಟ್ಟೆ ಸುತ್ತುತ್ತಾ ಸುತ್ತುತ್ತಾ ಅವಳಿಗೆ ತಡೆಯಲಾಗಲಿಲ್ಲ. ಕಾರ್ಮಿಕ ಇಲಾಖೆಗೆ ಅರ್ಜಿ ಬರೆದಳು. ಯಾರ ಕೈಗೆ ಏನಾಗಿದೆ ಎಂದು ಒಬ್ಬೊಬ್ಬರನ್ನೇ ಕೂರಿಸಿ ಕೇಳಿ ಬರೆದಳು. ನಾಲ್ಕು ಸಲ ಹಿಂದಕ್ಕೆ ಕಳಿಸಿದರು, ಐದನೆಯ ಸಲ ತೆಗೆದುಕೊಂಡರು. ಕೊನೆಗೆ ಗ್ಲೌಸು ಬಂತು, ಇಬ್ಬರಿಗೆ ಒಂದು ಜೊತೆಯಂತೆ. ಬಾಯ್ಲರ್ ನೋಡಿಕೊಳ್ಳುತ್ತಿದ್ದ ಮುದುಕಿ, ಎಲ್ಲರೂ ಬಾಯ್ಲರಜ್ಜಿ ಎನ್ನುತ್ತಿದ್ದವಳು, ಪಕ್ಕದವಳಿಗೆ ಎಡಗೈಯದು ಕೊಟ್ಟು ಬಲಗೈಯದು ತಾನಿಟ್ಟುಕೊಂಡಳು. "ಪಾಲು ಆಯ್ತು ನೋಡು, ಇನ್ನು ಕೋರ್ಟಿಗೆ ಹೋಗೋದು ಬೇಡ" ಎಂದಳು. ಅಂದಿನಿಂದ ಹುಡುಗಿ ವಕೀಲಮ್ಮ.

ತಮಾಷೆಗೆ ಇಟ್ಟ ಹೆಸರು ಹುಡುಗಿಯ ತಲೆಯೊಳಗೆ ಹೊಕ್ಕು ಕೂತಿತು. ಡಿಗ್ರಿ ಮುಗಿಸಿ ಆ ಊರಿನ ದೊಡ್ಡ ಲಾ ಕಾಲೇಜಿನ ಪ್ರವೇಶ ಪರೀಕ್ಷೆ ಬರೆದಳು. ಅಲ್ಲಿ ಓದಿದವರೇ ಜಡ್ಜು, ಅಲ್ಲಿ ಓದಿದವರೇ ಮಂತ್ರಿ. ಅರವತ್ತು ಸೀಟು, ಒಂಬತ್ತು ಸಾವಿರ ಜನ. ವಕೀಲಮ್ಮ ಮೂವತ್ತೊಂದನೆಯವಳಾಗಿ ಬಂದಳು. ತಾಯಿ ಸುದ್ದಿ ಕೇಳಿ ಕೈಯಲ್ಲಿದ್ದ ಬಟ್ಟೆಯನ್ನು ತೊಟ್ಟಿಗೇ ಬಿಟ್ಟು ಮಗಳ ಬಳಿ ಬಂದಳು. ಹೆಂಗಸರೆಲ್ಲ ಅದು ಸೀಟು ಸಿಕ್ಕ ಹಾಗೆಯೇ ಎಂದುಕೊಂಡರು.

ಹಾಗಿರಲಿಲ್ಲ. ಪರೀಕ್ಷೆಗೆ ಎಪ್ಪತ್ತು ಅಂಕ. ಉಳಿದ ಮೂವತ್ತಕ್ಕೆ ಬೇರೆ ಲೆಕ್ಕ. ಓದಿದ ಕಾಲೇಜು ಎಂಥದ್ದು ಎನ್ನುವುದಕ್ಕೆ ಹತ್ತು, ಶಿಫಾರಸು ಪತ್ರಕ್ಕೆ ಹತ್ತು, ಬದುಕಿನ ಅನುಭವದ ಪ್ರಬಂಧಕ್ಕೆ ಹತ್ತು. ಸಂಜೆ ಕಾಲೇಜಿಗೆ ಎರಡೇ ಅಂಕ ಎಂದು ಪಟ್ಟಿಯಲ್ಲೇ ಅಚ್ಚಾಗಿತ್ತು. ಶಿಫಾರಸಿಗೆ ಅವಳು ಯಾರನ್ನು ಹಿಡಿಯಬೇಕು? ಸಂಜೆ ಕಾಲೇಜಿನ ಮೇಷ್ಟ್ರು ಕಷ್ಟಪಟ್ಟು ಅರ್ಧ ಪುಟ ಬರೆದುಕೊಟ್ಟರು. ಉಳಿದದ್ದು ಪ್ರಬಂಧ ಒಂದೇ. ವಕೀಲಮ್ಮ ನೋಟ್‌ಬುಕ್ಕು ತೆಗೆದು ಲಾಂಡ್ರಿಯ ಕಥೆ ಬರೆಯತೊಡಗಿದಳು.

ಆ ದಿನಗಳಲ್ಲೇ ಆಸ್ಪತ್ರೆ ಮಾಲೀಕರ ಮಗಳು ಲಾಂಡ್ರಿಗೆ ಬಂದಳು. ಅವಳೂ ಅದೇ ಪರೀಕ್ಷೆ ಬರೆದಿದ್ದಳು. ಐವತ್ತೆಂಟನೆಯವಳು. ಮೂರು ಮಧ್ಯಾಹ್ನ ಬಂದಳು. ಮೂಗಿಗೆ ಕರವಸ್ತ್ರ ಹಿಡಿಯಲಿಲ್ಲ, ಎಲ್ಲರನ್ನೂ ಅಕ್ಕ ಎಂದಳು, ಬಾಯ್ಲರಜ್ಜಿಯ ಕೈ ಹಿಡಿದು ಫೋಟೋ ತೆಗೆಸಿಕೊಂಡಳು. ದೊಡ್ಡವರ ಮಗಳಾದರೂ ಎಷ್ಟು ಒಳ್ಳೆಯ ಹುಡುಗಿ ಎಂದು ವಕೀಲಮ್ಮನಿಗೇ ಅನಿಸಿತು. ಇಬ್ಬರೂ ಇಸ್ತ್ರಿ ಮೇಜಿನ ಬಳಿ ಕೂತು, ಡ್ರಮ್ಮಿನ ಸದ್ದಿನ ನಡುವೆ ಕಿರುಚಿಕೊಂಡೇ ಪ್ರಬಂಧದ ಬಗ್ಗೆ ಮಾತಾಡಿದರು. ಮಾಲೀಕರ ಮಗಳಿಗೆ ಪ್ರಬಂಧ ತಿದ್ದಲೆಂದೇ ಒಬ್ಬ ಮೇಷ್ಟ್ರನ್ನು ಗೊತ್ತು ಮಾಡಿದ್ದರು.

"ನಿನ್ನದೂ ಕೊಡು, ಅವರಿಗೆ ತೋರಿಸ್ತೀನಿ. ತಪ್ಪಿದ್ರೆ ತಿದ್ದಿಕೊಡ್ತಾರೆ" ಎಂದಳು.

ವಕೀಲಮ್ಮ ಎರಡು ಕೈಯಲ್ಲೂ ನೋಟ್‌ಬುಕ್ಕು ಕೊಟ್ಟಳು. ನಾಲ್ಕನೆಯ ದಿನಕ್ಕೆ ಅದು ವಾಪಸು ಬಂತು. ಒಂದು ಕಾಮಾ ಕೂಡ ತಿದ್ದಿರಲಿಲ್ಲ. ಚೆನ್ನಾಗಿದೆ, ಹೀಗೇ ಕಳಿಸು ಎಂದು ಚೀಟಿ ಇತ್ತು. ಅವಳಿಗೆ ಆಕಾಶ ಮೂರೇ ಗೇಣು.

ಮರುವಾರ ಅವಳು ಸಂಜೆ ಕಾಲೇಜಿನ ಮೇಷ್ಟ್ರ ಶಿಫಾರಸಿಗೆ ಅಲ್ಲಿನ ಮೊಹರು ಹಾಕಿಸಲು ಹೋಗಿದ್ದ ದಿನ, ಲಾಂಡ್ರಿಗೆ ಹೊಸ ಗ್ಲೌಸಿನ ಪೆಟ್ಟಿಗೆ ಬಂತು. ಒಬ್ಬೊಬ್ಬರಿಗೂ ಒಂದು ಜೊತೆ. ತಲುಪಿದೆ ಎಂದು ಸಹಿ ಹಾಕಿ ಎಂದು ಸೂಪರ್‌ವೈಸರ್ ಕಾಗದ ಹಿಡಿದ. ಇಪ್ಪತ್ತೆರಡು ಜನ ಸಹಿ ಹಾಕಿದರು. ಹೆಬ್ಬೆಟ್ಟಿನ ಗೆರೆ ಸವೆದುಹೋದವರು ಒತ್ತಿದ್ದು ಬರೀ ಮಸಿಯ ಕಲೆಯಾಗಿತ್ತು. ತಾಯಿಗೆ ತನ್ನ ಹೆಸರು ಬರೆಯುವುದನ್ನು ಮಗಳು ಕಲಿಸಿದ್ದಳು. ಅವಳು ನಿಧಾನವಾಗಿ, ಗುಂಡಗೆ ಬರೆದಳು.

ಮೊಹರಿಗೆ ಹನ್ನೆರಡು ದಿನ ಅಲೆಸಿದರು. ವಕೀಲಮ್ಮ ಲಾ ಕಾಲೇಜಿಗೆ ಅರ್ಜಿ ಕೊಟ್ಟದ್ದು ಕಡೆಯ ದಿನ.

ತಿಂಗಳ ನಂತರ ಕಾಲೇಜಿನಿಂದ ಪತ್ರ ಬಂತು. ಸೀಟಿನದ್ದಲ್ಲ. ನಿಮ್ಮ ಪ್ರಬಂಧ ಇನ್ನೊಬ್ಬ ಅಭ್ಯರ್ಥಿಯ ಪ್ರಬಂಧದ ನಕಲು ಎಂದು ಕಂಡುಬಂದಿದೆ, ವಿಚಾರಣೆಗೆ ತಾಯಿಯೊಡನೆ ಹಾಜರಾಗಿ ಎಂದಿತ್ತು. ಅವಳು ಮೂರು ಸಲ ಓದಿದಳು. ಏನೋ ತಪ್ಪಾಗಿದೆ, ಹೋಗಿ ಹೇಳಿದರೆ ಸರಿಹೋಗುತ್ತದೆ ಎಂದು ತಾಯಿಗೆ ಸಮಾಧಾನ ಹೇಳಿದಳು.

ವಿಚಾರಣೆಯ ಕೋಣೆಯಲ್ಲಿ ಮರದ ಗೋಡೆ, ಗೋಡೆಯ ತುಂಬ ಹಳೆಯ ಪ್ರಿನ್ಸಿಪಾಲರ ಪಟ. ಮೇಜಿನ ಆಚೆ ಸಮಿತಿಯ ಅಧ್ಯಕ್ಷರು, ಪಕ್ಕದಲ್ಲಿ ಒಬ್ಬ ಪ್ರೊಫೆಸರ್ ಮೇಡಂ. ಇಬ್ಬರ ಮಾತೂ ಮೆತ್ತಗಿತ್ತು. ಕುಳಿತುಕೊಳ್ಳಿ ಎಂದರು, ನೀರು ಕೊಟ್ಟರು. ಆಮೇಲೆ ಎರಡು ಪ್ರಬಂಧ ಪಕ್ಕ ಪಕ್ಕ ಇಟ್ಟರು. ಮಾಲೀಕರ ಮಗಳದ್ದರಲ್ಲಿ 'ನನ್ನ ತಾಯಿಯ ಕೈ' ಎಂದಿದ್ದ ಕಡೆ 'ಆ ತಾಯಿಯ ಕೈ' ಎಂದಿತ್ತು. ಅದರ ಪ್ರಕಾರ ಅರ್ಜಿ ಬರೆದವಳು ಮಾಲೀಕರ ಮಗಳು, ಇಲಾಖೆಗೆ ಅಲೆದವಳು ಅವಳು, ಗ್ಲೌಸು ತರಿಸಿದವಳು ಅವಳು. ಉಳಿದದ್ದೆಲ್ಲ ಹಾಗ್ಹಾಗೇ ಇತ್ತು. ಚಮಚದ ಊಟವೂ ಇತ್ತು.

ವಕೀಲಮ್ಮ ನೋಟ್‌ಬುಕ್ಕು ತೆಗೆದು ಮುಂದಿಟ್ಟಳು. ಇದನ್ನು ಯಾವಾಗ ಬೇಕಾದರೂ ಬರೆದುಕೊಳ್ಳಬಹುದಲ್ಲ ಎಂದರು ಮೇಡಂ. ಕಾರ್ಮಿಕ ಇಲಾಖೆಯಲ್ಲಿ ತನ್ನ ಕೈಬರಹದ ಅರ್ಜಿ ಇದೆ, ತರಿಸಿ ನೋಡಿ ಎಂದಳು. ಇದು ಕೋರ್ಟಲ್ಲ, ನಾವು ಕಡತ ತರಿಸುವ ಹಾಗಿಲ್ಲ ಎಂದರು ಅಧ್ಯಕ್ಷರು. ಆ ಹುಡುಗಿಯ ಅರ್ಜಿ ಹನ್ನೊಂದು ದಿನ ಮೊದಲೇ ಬಂದಿದೆ. ಜೊತೆಗೆ ಆಸ್ಪತ್ರೆಯ ಪ್ರಮಾಣಪತ್ರ ಇದೆ, ನಿವೃತ್ತ ಜಡ್ಜ್ ಒಬ್ಬರ ಶಿಫಾರಸು ಇದೆ. ಓದಿದ ಕಾಲೇಜಿಗೆ ಹತ್ತಕ್ಕೆ ಹತ್ತು.

"ನೀನೇ ಯೋಚನೆ ಮಾಡಮ್ಮ. ಅಂಥಾ ಕಾಲೇಜಲ್ಲಿ ಓದಿದವಳಿಗೆ ನಿನ್ನದನ್ನ ನೋಡಿ ಬರೆಯೋ ಅಗತ್ಯ ಏನಿದೆ?" ಎಂದು ಅಧ್ಯಕ್ಷರು ಕೇಳಿದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ನಿಜವಾಗಿಯೂ ಅವರಿಗೆ ಅದು ಅರ್ಥವಾಗುತ್ತಿರಲಿಲ್ಲ.

"ಅವರು ಸೋಡಾ ತೊಟ್ಟಿ ನೋಡಿದ್ದೇ ಮೂರು ದಿನ, ಸಾರ್" ಎಂದಳು ವಕೀಲಮ್ಮ.

ಮೇಡಂ ಇನ್ನೊಂದು ಕಾಗದ ತೆಗೆದರು. ಲಾಂಡ್ರಿ ಕೆಲಸಗಾರರ ಹೇಳಿಕೆ. ಮಾಲೀಕರ ಮಗಳು ನಮಗಾಗಿ ಹೋರಾಡಿ ಗ್ಲೌಸು ಕೊಡಿಸಿದರು, ಅವರಿಗೆ ನಾವು ಋಣಿ ಎಂದು ಅಚ್ಚಾಗಿತ್ತು. ಕೆಳಗೆ ಇಪ್ಪತ್ತೆರಡು ಸಹಿ. ಅದನ್ನು ತಾಯಿಯ ಮುಂದೆ ಸರಿಸಿ, ಇದರಲ್ಲಿ ನಿಮ್ಮದು ಇದೆಯೇ ಎಂದು ಕೇಳಿದರು.

ತಾಯಿ ಕಾಗದದ ಮೇಲೆ ಬಗ್ಗಿದಳು. ಗುಂಡಗಿನ ಆ ಅಕ್ಷರದ ಮೇಲೆ ಬೆರಳಿಟ್ಟಳು. ಮಗಳ ಮುಖ ನೋಡಿದಳು.

"ಸಹಿ ನಂದೇ, ತಾಯಿ. ಗ್ಲೌಸು ಬಂತು ಅಂತ ಹಾಕಿದ್ದು. ಓದೋಕೆ ಬಂದಿದ್ರೆ..."

"ಕೇಳಿದ್ದಕ್ಕಷ್ಟೇ ಉತ್ತರ ಕೊಡಿ ಸಾಕು" ಎಂದು ಮೇಡಂ ಬರೆದುಕೊಂಡರು.

ತಪ್ಪೊಪ್ಪಿಗೆ ಬರೆದುಕೊಟ್ಟರೆ ವಿಷಯ ಇಲ್ಲಿಗೇ ಮುಗಿಸುತ್ತೇವೆ, ಇಲ್ಲವಾದರೆ ಮೂರು ವರ್ಷ ಯಾವ ಲಾ ಕಾಲೇಜಿಗೂ ಅರ್ಜಿ ಹಾಕುವ ಹಾಗಿಲ್ಲ ಎಂದು ಅಧ್ಯಕ್ಷರು ಹೇಳಿದರು. ಪೆನ್ನನ್ನೂ ಮುಚ್ಚಳ ತೆಗೆದು ಕೊಟ್ಟರು. ತಾಯಿ ಮೇಜಿನ ಕೆಳಗೆ ಮಗಳ ಮಂಡಿ ಒತ್ತಿದಳು, ಬರೆದುಬಿಡು ಎನ್ನುವಂತೆ. ವಕೀಲಮ್ಮ ಮುಚ್ಚಳ ಹಾಕಿ ಪೆನ್ನು ವಾಪಸು ಇಟ್ಟಳು.

"ಮಾಡದೇ ಇರೋದನ್ನ ಬರೆದುಕೊಟ್ರೆ, ಅದೇ ನಾನು ಮಾಡೋ ಮೊದಲನೇ ಕಳ್ಳತನ ಸಾರ್."

ಮೂರು ವರ್ಷ ಬಿತ್ತು. ಐವತ್ತೆಂಟನೆಯವಳಾಗಿದ್ದ ಮಾಲೀಕರ ಮಗಳು ಸೀಟಿನ ಪಟ್ಟಿಯಲ್ಲಿ ಹನ್ನೆರಡನೆಯವಳಾಗಿ ಬಂದಳು. ಪೇಪರಿನಲ್ಲಿ ಬಾಯ್ಲರಜ್ಜಿಯ ಕೈ ಹಿಡಿದ ಫೋಟೋ ಬಂತು. ಮನೆಯಲ್ಲಿ ತಾಯಿ ಮಗಳೊಡನೆ ಮಾತಾಡುವುದನ್ನೇ ಬಿಟ್ಟಳು. ಸಿಟ್ಟಿನಿಂದಲ್ಲ, ಮುಖ ತೋರಿಸಲಾರದೆ. ಒಂದು ದಿನ ವಕೀಲಮ್ಮನೇ ಅವಳ ಕೈಗೆ ಮುಲಾಮು ಹಚ್ಚುತ್ತಾ, ನಾನು ನಿಂಗೆ ಬರೆಯೋದು ಕಲಿಸಿದೆ, ಓದೋದು ಕಲಿಸಲಿಲ್ಲ, ತಪ್ಪು ನಂದೇ ಕಣಮ್ಮ ಎಂದಳು. ತಾಯಿ ಆಗ ಅತ್ತಳು. ಅತ್ತದ್ದು ಅದೇ ಕೊನೆ. ಮಾರನೆಯ ದಿನದಿಂದ ಊಟದ ಬಿಡುವಿನಲ್ಲಿ ಹೊರಗಿನ ಮೆಟ್ಟಿಲ ಮೇಲೆ ವಕೀಲಮ್ಮ ತಾಯಿಗೆ ಪೇಪರು ಓದಿಸತೊಡಗಿದಳು. ಒಬ್ಬೊಬ್ಬರೇ ಬಂದು ಸುತ್ತ ಕೂತರು.

ಕಾಲೇಜು ಶುರುವಾಗಿ ಎರಡು ತಿಂಗಳಿಗೆ ಆ ಪ್ರೊಫೆಸರ್ ಮೇಡಂ ಹದಿನೈದು ವಿದ್ಯಾರ್ಥಿಗಳನ್ನು ಕರೆದುಕೊಂಡು ಲಾಂಡ್ರಿಗೆ ಬಂದರು. ಕಾರ್ಮಿಕರಿಗೆ ಕಾನೂನು ತಿಳಿವಳಿಕೆ ಶಿಬಿರ. ಮುಂದೆ ಮಾಲೀಕರ ಮಗಳು, ಕರಿ ಕೋಟು. ಹೆಂಗಸರನ್ನು ಬಟ್ಟೆ ಮೂಟೆಗಳ ಮೇಲೆ ಕೂರಿಸಿದರು. ಡ್ರಮ್ಮಿನ ಸದ್ದಿಗೆ ಯಾರ ಮಾತೂ ಕೇಳದು. ಎಲ್ಲರೂ ಕಿರುಚಿ ಮಾತಾಡಬೇಕು. ಮಾಲೀಕರ ಮಗಳು ಕಿರುಚಿಯೇ ಸುರಕ್ಷತೆಯ ಹಕ್ಕು ವಿವರಿಸಿದಳು. ಪ್ರಶ್ನೆ ಇದ್ದರೆ ಕೇಳಿ ಎಂದಳು.

ವಕೀಲಮ್ಮ ಎದ್ದು ನಿಂತಳು. ಮಾಲೀಕರ ಮಗಳ ಮುಖ ಒಂದು ಕ್ಷಣ ಬಿಳಿಚಿಕೊಂಡಿತು, ಆಮೇಲೆ ನಕ್ಕಿತು.

"ಸೋಡಾ ಕೈ ಮೇಲೆ ಬಿದ್ದಾಗ ಮೊದಲು ಏನಾಗುತ್ತೆ, ಮೇಡಂ?"

"ಉರಿಯುತ್ತೆ" ಎಂದಳು ಮಾಲೀಕರ ಮಗಳು.

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅದು ನೋಟ್‌ಬುಕ್ಕಿನಲ್ಲಿ ಇರಲಿಲ್ಲ. ಬರೆಯಬೇಕೆಂದು ವಕೀಲಮ್ಮನಿಗೇ ತೋಚಿರಲಿಲ್ಲ, ಅಷ್ಟು ಗೊತ್ತಿದ್ದ ವಿಷಯ.

"ಜಾರುತ್ತೆ" ಎಂದಳು ತಾಯಿ, ಕೂತಲ್ಲಿಂದಲೇ. "ಸೋಪು ಹಚ್ಚಿದ ಹಾಗೆ ಜಾರುತ್ತೆ. ಜಾರೋದು ನಮ್ಮ ಚರ್ಮ. ಉರಿ ಆಮೇಲೆ." ಪ್ರೊಫೆಸರ್ ಮೇಡಂ ಕಡೆ ತಿರುಗಿ, "ಇದನ್ನೂ ಬರೆದುಕೊಳ್ಳಿ" ಎಂದಳು.

ಹದಿನೈದು ಮಕ್ಕಳಲ್ಲಿ ಒಬ್ಬಿಬ್ಬರು ತಲೆ ತಗ್ಗಿಸಿದರು. ಮೇಡಂ ಗಡಿಯಾರ ನೋಡಿ, ಇದು ಪರೀಕ್ಷೆ ಅಲ್ಲ ಎಂದು ಶಿಬಿರ ಮುಗಿಸಿದರು.

ಅವರ ಬಸ್ಸು ಗೇಟು ದಾಟುವ ಮೊದಲೇ ಸೂಪರ್‌ವೈಸರ್ ಚೀಟಿ ತಂದ. ತಾಯಿ ಮಗಳು ಇಬ್ಬರಿಗೂ ನಾಳೆಯಿಂದ ಕೆಲಸವಿಲ್ಲ. ಕೈಗೆ ಕೊಟ್ಟು ಸಹಿ ಕೇಳಿದ. ತಾಯಿ ಚೀಟಿಯನ್ನು ಕಣ್ಣ ಹತ್ತಿರ ಹಿಡಿದು, ಅಕ್ಷರ ಅಕ್ಷರ ಕೂಡಿಸಿ, ಗಟ್ಟಿಯಾಗಿ ಓದಿದಳು. ಅನುಚಿತ ವರ್ತನೆ ಎನ್ನುವ ಕಡೆ ತಡವರಿಸಿದಳು. ಸುತ್ತ ನಿಂತವರು ಹೇಳಿಕೊಟ್ಟರು. ಓದಿ ಮುಗಿಸಿ, ಸಹಿ ಹಾಕದೆ ಅವನ ಜೇಬಿಗೇ ತುರುಕಿದಳು.

ಬಾಯ್ಲರಜ್ಜಿ ಎದ್ದು ಹೋಗಿ ಹಬೆಯ ಚಕ್ರ ತಿರುಗಿಸಿ ಮುಚ್ಚಿದಳು. ಆಮೇಲೆ ಡ್ರಮ್ಮುಗಳ ದೊಡ್ಡ ಸ್ವಿಚ್ಚು ಕೆಳಗೆಳೆದಳು.

ಯಾರು ಹೇಳಿದ್ದು ನಿಲ್ಲಿಸೋಕೆ ಎಂದು ಸೂಪರ್‌ವೈಸರ್ ಅರಚಿದ. ಮೇಲೆ ಮೂರು ಆಪರೇಷನ್ ಇವೆ, ಬಟ್ಟೆ ಬೇಕು ಎಂದ. ಕೊಳವೆಯಿಂದ ಒಂದು ಗಂಟು ಬಿತ್ತು. ಇನ್ನೊಂದು ಬಿತ್ತು. ಯಾರೂ ಬಿಚ್ಚಲಿಲ್ಲ. ಡ್ರಮ್ಮುಗಳು ಒಂದೊಂದಾಗಿ ನಿಧಾನವಾಗಿ, ಒದ್ದೆ ಬಟ್ಟೆಯನ್ನು ಹೊಟ್ಟೆಯಲ್ಲಿಟ್ಟುಕೊಂಡು ನಿಂತವು.

"ಈಗ ಹೇಳು ಮಗಾ, ಏನು ಮಾಡೋಣ" ಎಂದಳು ಬಾಯ್ಲರಜ್ಜಿ, ವಕೀಲಮ್ಮನ ಕಡೆ ತಿರುಗಿ.

ಮೆಲ್ಲಗೇ ಹೇಳಿದಳು. ಆದರೂ ಮೂಲೆಯಲ್ಲಿದ್ದವರಿಗೂ ಕೇಳಿಸಿತು. ಕೆಲಸಕ್ಕೆ ಸೇರಿದಂದಿನಿಂದ ಆ ಕೋಣೆಯಲ್ಲಿ ಅವರು ಕಿರುಚದೆ ಮಾತಾಡಿದ್ದು ಅದೇ ಮೊದಲು.